ಹಸುಬೆ, ಮೇಣಬಟ್ಟೆ, ತಾಡಪತ್ರಿ: ಮಳೆಯಲ್ಲಿ ಸೈಕಲ್ ಚೀಲದ ಕಥೆ

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ಡೊಂಬಿವಲಿಯಿಂದ ಮಾಳ್ಶೇಜ್ ಘಟ್ಟಕ್ಕೆ ಸೈಕಲ್ಲಿನಲ್ಲಿ ಹೊರಟಿದ್ದೆ. ಹಿಂದಿನ ಕ್ಯಾರಿಯರ್‌ನ ಎರಡೂ ಬದಿಗೆ ಒಂದೊಂದು ಚೀಲ. ಕೊಂಡಾಗ ಅವುಗಳ ಮೇಲೆ ‘ವಾಟರ್‌ಪ್ರೂಫ್’ ಎಂಬ ಚೀಟಿ ಇತ್ತು. ಕಲ್ಯಾಣ ದಾಟುವಾಗ ಶುರುವಾದ ಮಳೆ ಮುರಬಾಡ ಬಂದರೂ ನಿಲ್ಲಲಿಲ್ಲ. ಸಂಜೆ ಘಟ್ಟದ ಬುಡದ ಒಂದು ಢಾಬಾದಲ್ಲಿ ಚೀಲ ಬಿಚ್ಚಿದರೆ ತಳದಲ್ಲಿ ಎರಡು ಬೆರಳು ನೀರು. ಬಟ್ಟೆ ಎಲ್ಲೂ ಹರಿದಿರಲಿಲ್ಲ. ಒಳಗೆ ಬಂದ ನೀರು ಹೊರಗೆ ಹೋಗದ ಹಾಗೆ ಚೀಲ ಬಹಳ ಚೆನ್ನಾಗಿಯೇ ಹಿಡಿದಿಟ್ಟುಕೊಂಡಿತ್ತು.

ಢಾಬಾದ ಯಜಮಾನರು ಒದ್ದೆ ಬಟ್ಟೆ ಹರವಲು ಹಗ್ಗ ಕೊಟ್ಟರು. ಕೊಡುತ್ತಲೇ, ಮಳೆಗಾಲ ಮುಗಿದ ಮೇಲೆ ಬರಬಾರದಿತ್ತೇ ಎಂದು ಕೇಳಿದರು. ಹಗ್ಗದ ಆಚೆ ಅವರ ಸೌದೆ, ಈರುಳ್ಳಿ ಮೂಟೆಗಳೆಲ್ಲ ಹಳೆಯ ಲಾರಿ ತಾಡಪತ್ರಿಯ ಕೆಳಗೆ ಒಣಗಿದಂತೆಯೇ ಇದ್ದವು. ಆ ಪ್ರಶ್ನೆ ಮತ್ತು ಆ ತಾಡಪತ್ರಿ, ಎರಡರ ನಡುವೆಯೇ ಸೈಕಲ್ ಚೀಲದ ಇತಿಹಾಸ ಇದೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಹೊರಡದಿರುವುದೇ ಉತ್ತರವಾಗಿದ್ದ ಕಾಲ

ಸವಾರಿಯ ಎರಡು ಬದಿಗೂ ಸಮತೂಕವಾಗಿ ಇಳಿಬೀಳುವ ಚೀಲಕ್ಕೆ ಇಂಗ್ಲಿಷಿನವರು ‘ಪ್ಯಾನಿಯರ್’ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಸೈಕಲ್ಲಿಗಿಂತ ಬಹಳ ಹಳೆಯ ಹೆಸರಿದೆ: ಹಸುಬೆ. ನಡುವೆ ಬಾಯಿ, ಎರಡು ತುದಿಗೂ ಚೀಲ. ಹೆಗಲ ಮೇಲೆ ಹಾಕಿದರೆ ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಎತ್ತಿನ ಬೆನ್ನಿಗೆ ಹಾಕಿದರೆ ಒಂದು ಎಡಕ್ಕೆ, ಒಂದು ಬಲಕ್ಕೆ. ದೊಡ್ಡ ಸರಕಾದರೆ ಗೋಣಿ. ಇಂಗ್ಲಿಷಿನ ‘ಗನ್ನಿ’ ಎಂಬ ಮಾತು ಬಂದದ್ದೇ ಈ ಗೋಣಿಯಿಂದ.

ನಾನು ಸೈಕಲ್ ತುಳಿದ ದಾರಿ ಹೇರೆತ್ತುಗಳ ದಾರಿಯೇ. ಇಲ್ಲಿ ಕಲ್ಯಾಣ ಎಂದರೆ ಬಸವಣ್ಣನವರ ಕಲ್ಯಾಣವಲ್ಲ, ಉಲ್ಲಾಸ ನದಿಯ ದಡದ ರೇವುಪಟ್ಟಣ. ಕ್ರಿ.ಶ. ಮೊದಲ ಶತಮಾನದ ಗ್ರೀಕ್ ಬರಹ ‘ಪೆರಿಪ್ಲಸ್’ ಇದನ್ನು ಕಲ್ಲಿಯೇನ ಎಂದು ಹೆಸರಿಸುತ್ತದೆ. ಅಲ್ಲಿಂದ ಘಟ್ಟದ ಮೇಲಿನ ಜುನ್ನರ್, ಪೈಠಣಗಳಿಗೆ ಸರಕು ಹತ್ತುತ್ತಿದ್ದದ್ದು ಮಾಳ್ಶೇಜಿನ ಪಕ್ಕದಲ್ಲೇ ಇರುವ ನಾಣೇಘಾಟಿನ ಕಣಿವೆಯಿಂದ. ಬಂಡೆಯಲ್ಲಿ ಕಡಿದ ಆ ದಾರಿ ಗಾಡಿಗೆ ಆಗುವಂಥದ್ದಲ್ಲ, ಹೇರು ಹೊತ್ತ ಪ್ರಾಣಿಗೆ ಆಗುವಂಥದ್ದು. ಮೇಲಿನ ಗುಹೆಯಲ್ಲಿ ಸಾತವಾಹನ ರಾಣಿ ನಾಗನಿಕೆಯ ಶಾಸನವಿದೆ. ಕಣಿವೆಯ ತಲೆಯಲ್ಲಿ ಒಂದು ದೊಡ್ಡ ಕಲ್ಲಿನ ಹಂಡೆ ಇದೆ. ಸುಂಕದ ನಾಣ್ಯ ಹಾಕುತ್ತಿದ್ದದ್ದು ಅದರಲ್ಲೇ ಎಂದು ಊರವರು ಹೇಳುತ್ತಾರೆ.

ಮುಂದೆ ಈ ಹೇರಿನ ವ್ಯಾಪಾರ ಬಂಜಾರರ, ನಮ್ಮ ಕಡೆಯ ಮಾತಿನಲ್ಲಿ ಲಂಬಾಣಿಗರ ಕೈಯಲ್ಲಿತ್ತು. 17ನೇ ಶತಮಾನದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲನ್ನು ವರ್ಣಿಸಿದ್ದಾನೆ. ಅವುಗಳ ಬೆನ್ನ ಮೇಲಿದ್ದದ್ದು ಧಾನ್ಯ, ಅಕ್ಕಿ, ಬೇಳೆ ಮತ್ತು ಉಪ್ಪು. ಮಳೆಯ ಮಾತು ಬಂದಾಗ ಈ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. ಮೂರು ಮೊಳಕೆಯೊಡೆಯುವ ಸರಕು, ಒಂದು ಕರಗುವ ಸರಕು. ಉರಣ, ಭಿವಂಡಿ, ಥಾಣೆ ಖಾಡಿಯ ಉಪ್ಪಿನ ಗದ್ದೆಗಳಲ್ಲಿ ಕೆಲಸ ನಡೆಯುವುದೇ ಬೇಸಿಗೆ ಮುಗಿಯುವವರೆಗೆ. ಮಳೆ ಬಿತ್ತೆಂದರೆ ಗದ್ದೆಯೇ ನೀರು. ಉಪ್ಪಿನ ಗೋಣಿಗೆ ಅವರು ಜಲನಿರೋಧಕ ಹೊದಿಕೆ ಹುಡುಕಲಿಲ್ಲ. ಮಳೆಗಾಲದಲ್ಲಿ ಹೊರಡುತ್ತಲೇ ಇರಲಿಲ್ಲ. ಆ ತಿಂಗಳುಗಳಲ್ಲಿ ತಾಂಡಾ ಒಂದೆಡೆ ಬೀಡುಬಿಟ್ಟು ಎತ್ತು ಮೇಯಿಸುತ್ತಿತ್ತು. ಬೌದ್ಧ ಭಿಕ್ಷುಗಳ ವರ್ಷಾವಾಸ, ಜೈನ ಮುನಿಗಳ ಚಾತುರ್ಮಾಸ ಇವೂ ಇದೇ ಲೆಕ್ಕದವು. ಮಳೆಗೆ ಉತ್ತರ ಇದ್ದದ್ದು ಚೀಲದಲ್ಲಲ್ಲ, ಪಂಚಾಂಗದಲ್ಲಿ. ಢಾಬಾದ ಯಜಮಾನರ ಪ್ರಶ್ನೆಗೆ ಎರಡು ಸಾವಿರ ವರ್ಷಗಳ ಬೆಂಬಲವಿತ್ತು.

ಹೊರಡಲೇಬೇಕಾದವರು ಇರಲಿಲ್ಲವೆಂದಲ್ಲ. ನಾಟಿಗೆ ಇಳಿಯುವವರಿಗೆ ಮಳೆಯಲ್ಲೇ ಕೆಲಸ. ನಮ್ಮ ಕರಾವಳಿ, ಮಲೆನಾಡಿನಲ್ಲಿ ಗೊರಬು, ಥಾಣೆಯ ಗದ್ದೆಗಳಲ್ಲಿ ಬಿದಿರಿನ ಚೌಕಟ್ಟಿಗೆ ಎಲೆ ಹೊದಿಸಿದ ಇರಲೆ, ಘಟ್ಟದ ಮೇಲಿನ ಕುರುಬರಿಗೆ ಕಂಬಳಿ ಕೊಪ್ಪೆ. ಇವು ಯಾವುವೂ ನೀರನ್ನು ಪೂರ್ತಿ ತಡೆಯುವುದಿಲ್ಲ. ನೀರು ನಿಲ್ಲದೆ ಜಾರಿ ಹೋಗುವಂತೆ ಮಾಡುತ್ತವೆ. ಹೊಲಿಗೆ ಇಲ್ಲ, ಬಾಯಿ ಕೆಳಕ್ಕೆ. ಈ ಎರಡು ಗುಣಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ಕೆಲಸಕ್ಕೆ ಮಳೆಗಾಲವಿಲ್ಲ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಬಂತು. ಮರುವರ್ಷ ಮೇ 1ಕ್ಕೆ ಹಳಿ ಕಲ್ಯಾಣ ಮುಟ್ಟಿತು. ಘಟ್ಟಗಳನ್ನೂ ರೈಲು ಹತ್ತಿದ ಮೇಲೆ ಹೇರೆತ್ತಿನ ಕಾಲ ಮುಗಿಯಿತು. ಆದರೆ ರೈಲು ತಂದ ದೊಡ್ಡ ಬದಲಾವಣೆ ಎಂದರೆ ವೇಳಾಪಟ್ಟಿ. ಜುಲೈಯಲ್ಲೂ 8.10ರ ಗಾಡಿ 8.10ಕ್ಕೇ. ಗಿರಣಿಯ ಭೋಂಗಾ ಶ್ರಾವಣವೆಂದು ಸುಮ್ಮನಿರಲಿಲ್ಲ. 1960ರ ದಶಕದಿಂದ ಥಾಣೆ–ಬೇಲಾಪುರ ರಸ್ತೆಯುದ್ದಕ್ಕೂ, ಡೊಂಬಿವಲಿಯಲ್ಲೂ ಕಾರ್ಖಾನೆಗಳು ಬಂದಾಗ ಪಾಳಿಯ ಕೆಲಸಕ್ಕೆ ಹೋಗುವವರ ವಾಹನ ಸೈಕಲ್ ಆಗಿತ್ತು. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್‌ಗೂ ಮೀರಿ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ ಮಳೆ ಸುರಿಯುವ ಊರುಗಳಿವು. ಇಲ್ಲಿ ಮಳೆಯಲ್ಲಿ ಸಾಮಾನು ಒಣಗಿಸಿಟ್ಟುಕೊಂಡು ಸೈಕಲ್ ತುಳಿಯುವ ವಿದ್ಯೆ ಕಲಿತವರು ಪ್ರವಾಸಿಗಳಲ್ಲ, ಹೋಗದೆ ವಿಧಿಯಿಲ್ಲದವರು.

ಅವರ ವಿಧಾನಗಳು ಇಂದಿಗೂ ಬೀದಿಯಲ್ಲೇ ಕಾಣುತ್ತವೆ. ಬೆಳಗ್ಗೆ ಪಾವ್ ಮಾರುವವನ ಸೈಕಲ್ಲಿಗೆ ಒಂದು ದೊಡ್ಡ ಬುಟ್ಟಿ, ಮೇಲೆ ಪ್ಲಾಸ್ಟಿಕ್ ಹಾಳೆ. ಹಾಳೆಯ ಅಂಚು ಬುಟ್ಟಿಯ ಒಳಕ್ಕಲ್ಲ, ಹೊರಕ್ಕೆ, ಕೆಳಕ್ಕೆ ಇಳಿಬಿದ್ದಿರುತ್ತದೆ. ಇದು ಗೊರಬಿನ ತತ್ವ. ಹಾಲಿನವನು ಚೀಲದ ಗೋಜಿಗೇ ಹೋಗಲಿಲ್ಲ. ಬಿಗಿ ಮುಚ್ಚಳದ ಕ್ಯಾನುಗಳನ್ನು ಕ್ಯಾರಿಯರ್‌ನ ಎರಡು ಬದಿಗೆ ತೂಗುಹಾಕಿದ. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಶುರುಮಾಡಿದ ಡಬ್ಬಾವಾಲಾ ಪದ್ಧತಿಯಲ್ಲೂ ಸೈಕಲ್ಲಿಗೆ ತೂಗುಬಿದ್ದ ಬಟ್ಟೆಚೀಲ ಒದ್ದೆಯಾದರೆ ತಲೆಕೆಡಿಸಿಕೊಳ್ಳುವುದಿಲ್ಲ. ಒಳಗಿನ ಪ್ರತಿ ಡಬ್ಬಕ್ಕೂ ತನ್ನದೇ ಮುಚ್ಚಳವಿದೆ.

ಅಂದರೆ ಎರಡು ದಾರಿಗಳು. ಒಂದು, ಹೊರಗಿನ ಚೀಲಕ್ಕೆ ನೀರು ಹೋಗದಂತೆ ಮಾಡುವುದು. ಇನ್ನೊಂದು, ಚೀಲ ಒದ್ದೆಯಾದರೆ ಆಗಲಿ ಎಂದು ಒಳಗಿನ ಒಂದೊಂದು ವಸ್ತುವನ್ನೂ ಬೇರೆ ಬೇರೆ ಕಾಪಾಡುವುದು. ಸೈಕಲ್ ಪ್ರವಾಸಿಗಳು ಬಹುಕಾಲ ಈ ಎರಡನೆಯದನ್ನೇ ನಂಬಿದ್ದರು.

ಮೇಣ, ರಬ್ಬರು ಮತ್ತು ಸೂಜಿಯ ತೂತು

ಬಟ್ಟೆಗೆ ಮೇಣವೋ ಎಣ್ಣೆಯೋ ಹಚ್ಚುವುದು ಹಳೆಯ ಉಪಾಯ. ನಮ್ಮ ಮೇಣಬಟ್ಟೆ, ಮರಾಠಿಯ ಮೇಣಕಾಪಡ್ ಹೀಗೇ ಬಂದ ಹೆಸರುಗಳು. ಬಿಸಿಲಿಗೆ ಅಂಟು, ಮಡಿಸಿದಲ್ಲಿ ಬಿರುಕು, ಇದು ಅದರ ಕಷ್ಟ. 1823ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಷ್, ಕಲ್ಲಿದ್ದಲಿನಿಂದ ಸಿಗುವ ನ್ಯಾಫ್ತಾದಲ್ಲಿ ರಬ್ಬರನ್ನು ಕರಗಿಸಿ ಎರಡು ಬಟ್ಟೆಗಳ ನಡುವೆ ಬಳಿದು ಪೇಟೆಂಟ್ ಪಡೆದ. ಚಳಿಗೆ ಅದು ಸೆಟೆಯುತ್ತಿತ್ತು, ಸೆಕೆಗೆ ಅಂಟುತ್ತಿತ್ತು. 1840ರ ದಶಕದಲ್ಲಿ ಹ್ಯಾನ್‌ಕಾಕ್ ಮತ್ತು ಗುಡ್‌ಇಯರ್ ಗಂಧಕ ಸೇರಿಸಿ ರಬ್ಬರನ್ನು ಹದ ಮಾಡುವುದನ್ನು ಸಾಧಿಸಿದ ಮೇಲೆ ಈ ತೊಂದರೆ ತಗ್ಗಿತು.

ನಮ್ಮ ದೇಶದಲ್ಲಿ ಈ ವಿದ್ಯೆ ಸ್ವದೇಶಿಯ ಜತೆ ಬಂತು. 1920ರಲ್ಲಿ ಕಲ್ಕತ್ತೆಯ ಸುರೇಂದ್ರ ಮೋಹನ ಬೋಸ್ ಕಟ್ಟಿದ ಬೆಂಗಾಲ್ ವಾಟರ್‌ಪ್ರೂಫ್ ಸಂಸ್ಥೆಯ ‘ಡಕ್‌ಬ್ಯಾಕ್’ ರೇನ್‌ಕೋಟುಗಳನ್ನು ನಮ್ಮ ಹಿಂದಿನ ತಲೆಮಾರಿನವರು ಬಲ್ಲರು. ಬಾತುಕೋಳಿಯ ಬೆನ್ನಿನಿಂದ ನೀರು ಜಾರುವ ಹಾಗೆ ಎಂಬ ಅರ್ಥದ ಹೆಸರು. ಅದೇ ರಬ್ಬರು ಬಟ್ಟೆಯ ಶಾಲಾಚೀಲಗಳೂ ಬಂದವು.

ಆದರೆ ಚೀಲಕ್ಕೂ ಕೋಟಿಗೂ ವ್ಯತ್ಯಾಸವಿದೆ. ಚೀಲದ ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಅದನ್ನು ಹೊಲಿಯುವ ಸೂಜಿ ಒಂದು ಇಂಚಿಗೆ ಹತ್ತಾರು ತೂತು ಮಾಡುತ್ತದೆ. ಇಂಗ್ಲೆಂಡಿನವರು ಇದಕ್ಕೆ ಹತ್ತಿಯಲ್ಲೇ ಒಂದು ಮದ್ದು ಕಂಡಿದ್ದರು. 1932ರಲ್ಲಿ ಲ್ಯಾಂಕಶೈರಿನ ನೆಲ್ಸನ್ ಊರಿನಲ್ಲಿ ವಿಲ್ಫ್ ಕ್ಯಾರಡೈಸ್ ಶುರುಮಾಡಿದ ಕಾರ್ಖಾನೆಯ ಚೀಲಗಳು ಮೇಣ ಕೂಡಿಸಿದ ದಪ್ಪ ಹತ್ತಿಬಟ್ಟೆಯವು. ಒದ್ದೆಯಾದಾಗ ಹತ್ತಿಯ ಎಳೆ ಉಬ್ಬಿ ನೇಯ್ಗೆಯ ಸಂದು, ಸೂಜಿಯ ತೂತು ಎರಡನ್ನೂ ಬಿಗಿಯುತ್ತದೆ. ಇಂಗ್ಲೆಂಡಿನ ಜಿಟಿಜಿಟಿ ಮಳೆಗೆ ಇದು ಸಾಕು. ನಮ್ಮ ಆಷಾಢದಲ್ಲಿ ಅದೇ ಬಟ್ಟೆ ವಾರಗಟ್ಟಲೆ ಒಣಗದೆ ಬೂಷ್ಟು ಹಿಡಿಯುತ್ತದೆ.

ಮುಂಬೈಯಿಂದ ಹೊರಟವರು

ಸೈಕಲ್ಲಿನಲ್ಲಿ ಮೊದಲು ಲೋಕ ಸುತ್ತಿದ ಥಾಮಸ್ ಸ್ಟೀವನ್ಸ್ 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಎತ್ತರದ ಗಾಲಿಯ ಸೈಕಲ್ ಏರಿದಾಗ ಹೊತ್ತದ್ದು ಕಾಲುಚೀಲ, ಒಂದು ಹೆಚ್ಚಿನ ಅಂಗಿ, ಒಂದು ರೇನ್‌ಕೋಟು ಮತ್ತು ಒಂದು ಪಿಸ್ತೂಲು. ರೇನ್‌ಕೋಟೇ ಡೇರೆ, ಅದೇ ಹಾಸಿಗೆ. 1886ರಲ್ಲಿ ಅವನು ಭಾರತವನ್ನೂ ದಾಟಿದ. ಒದ್ದೆಯಾಗಲು ಸಾಮಾನೇ ಇಲ್ಲದಿರುವುದು ಅವನ ಉಪಾಯ.

1923ರ ಅಕ್ಟೋಬರ್ 15ರಂದು ಮುಂಬೈಯ ಆರು ಪಾರ್ಸಿ ತರುಣರು ಲೋಕ ಸುತ್ತಲು ಹೊರಟರು. ಕೊನೆ ಮುಟ್ಟಿಸಿದವರು ಮೂವರು: ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್‌ಗರಾ. ಸುಮಾರು 71,000 ಕಿಲೋಮೀಟರ್ ತುಳಿದು 1928ರ ಮಾರ್ಚ್ 18ಕ್ಕೆ ಮುಂಬೈಗೆ ಮರಳಿದರು. 1931ರಲ್ಲಿ ಬಂದ ಅವರ ಪ್ರವಾಸ ಪುಸ್ತಕಕ್ಕೆ ಮುನ್ನುಡಿ ಬರೆದವರು ಜವಾಹರಲಾಲ್ ನೆಹರೂ. ಅವರ ಹಿಂದೆಯೇ 1924ರಲ್ಲಿ ಫ್ರಾಮ್‌ರೋಜ್ ದಾವರ್, 1933ರಲ್ಲಿ ಇನ್ನೊಂದು ಮೂವರ ತಂಡ ಇದೇ ಊರಿನಿಂದ ಹೊರಟಿತು.

ಮೊದಲ ತಂಡದ ಎರಡು ದಿನಾಂಕಗಳನ್ನು ಮುಂಬೈ ಮಳೆ ಬಲ್ಲವರು ಬೇರೆ ಥರ ಓದುತ್ತಾರೆ. ಹೊರಟದ್ದು ಮಳೆ ಹಿಂದೆಗೆದ ಮೇಲೆ, ಮರಳಿದ್ದು ಮಳೆಗೆ ಎರಡು ತಿಂಗಳಿಗೂ ಹೆಚ್ಚು ಮೊದಲು. ಕಾಕತಾಳೀಯವೂ ಇರಬಹುದು. ಆದರೆ ನಡುವಿನ ನಾಲ್ಕೂವರೆ ವರ್ಷದಲ್ಲಿ ಮರಳುಗಾಡು, ಹಿಮ, ಮಳೆ ಎಲ್ಲವನ್ನೂ ಅವರು ದಾಟಿದ್ದು ಹೊಲಿದ ಚೀಲಗಳ ಯುಗದಲ್ಲಿ. ಇಂದು ನಾವು ಒಂದು ವಾರದ ಪ್ರವಾಸಕ್ಕೆ ಚೀಲ ಆರಿಸಲು ಒಂದು ತಿಂಗಳು ಕಳೆಯುವಾಗ ಇದನ್ನು ನೆನೆದರೆ ಸ್ವಲ್ಪ ನಾಚಿಕೆಯಾಗುತ್ತದೆ.

ಲಾರಿಯ ಹೊದಿಕೆ ಚೀಲವಾದದ್ದು

1981ರಲ್ಲಿ ಹಾರ್ಟ್‌ಮುಟ್ ಆರ್ಟ್‌ಲೀಬ್ ಎಂಬ ಜರ್ಮನ್ ತರುಣ ದಕ್ಷಿಣ ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸ ಮಾಡುತ್ತಿದ್ದ. ಮಳೆಗೆ ಅವನ ಚೀಲಗಳೆಲ್ಲ ತೊಯ್ದಿದ್ದವು. ಪಕ್ಕದಲ್ಲಿ ಹೋದ ಲಾರಿಯ ಸರಕು ಮಾತ್ರ ತಾಡಪತ್ರಿಯ ಕೆಳಗೆ ಒಣಗಿಯೇ ಇತ್ತು. ಊರಿಗೆ ಮರಳಿದವನು ಲಾರಿಯ ಅದೇ ಬಟ್ಟೆ ತಂದು ತಾಯಿಯ ಹೊಲಿಗೆ ಯಂತ್ರದಲ್ಲಿ ಮೊದಲ ಚೀಲ ಹೊಲಿದ. 1982ರಲ್ಲಿ ಅದೇ ಅವನ ಉದ್ಯಮವಾಯಿತು. ಇಂದಿನ ಜಲನಿರೋಧಕ ಸೈಕಲ್ ಚೀಲಗಳೆಲ್ಲ ಬಹುಮಟ್ಟಿಗೆ ಆ ಚೀಲದ ಮಕ್ಕಳು.

ಆದರೆ ಹೊಲಿದ ತಾಡಪತ್ರಿಗೂ ಸೂಜಿಯ ತೂತು ತಪ್ಪಿದ್ದಲ್ಲ. ನಿಜವಾದ ತಿರುವು ಬಂದದ್ದು ಹೊಲಿಗೆಯನ್ನೇ ಬಿಟ್ಟಾಗ. ಲಾರಿಯ ಹೊದಿಕೆ ಎಂದರೆ ಪಾಲಿಯೆಸ್ಟರ್ ನೇಯ್ಗೆಯ ಮೇಲೆ ಪಿವಿಸಿ ಲೇಪ. ಎರಡು ಅಂಚುಗಳನ್ನು ಒತ್ತಿ ಹಿಡಿದು ರೇಡಿಯೋ ತರಂಗ, ಸಾಮಾನ್ಯವಾಗಿ 27.12 ಮೆಗಾಹರ್ಟ್ಸ್, ಹಾಯಿಸಿದರೆ ಪಿವಿಸಿಯ ಅಣುಗಳು ಅಲುಗಾಡಿ ಒಳಗಿನಿಂದಲೇ ಬಿಸಿಯಾಗಿ ಒಂದಾಗುತ್ತವೆ. ಆಸ್ಪತ್ರೆಯ ರಕ್ತದ ಚೀಲದ ಅಂಚು ಬೆಸೆಯುವುದೂ ಹೀಗೆಯೇ. ಬಾಯಿಗೆ ಜಿಪ್ ಬೇಡ. ಅಂಚನ್ನು ಮೂರು ಸುತ್ತು ಕೆಳಕ್ಕೆ ಮಡಿಸಿ ಕೊಕ್ಕೆ ಹಾಕಿದರಾಯಿತು. ಹೊಲಿಗೆ ಇಲ್ಲ, ಬಾಯಿ ಕೆಳಕ್ಕೆ. ಗೊರಬಿನ ಎರಡೂ ಗುಣಗಳು ಜರ್ಮನಿಯ ಕಾರ್ಖಾನೆಯಲ್ಲಿ ಮತ್ತೆ ಹುಟ್ಟಿದವು.

ಉರಣದ ನ್ಹಾವಾ ಶೇವಾ ಬಂದರಿಗೂ ಭಿವಂಡಿಯ ಗೋದಾಮುಗಳಿಗೂ ನಡುವೆ, ಕಳಂಬೋಲಿ, ಶಿಳಫಾಟಾ ದಾರಿಯಲ್ಲಿ ಹಗಲೂ ಇರುಳೂ ಓಡುವ ಲಾರಿಗಳ ಮೇಲಿರುವುದೂ ತಾಡಪತ್ರಿಯೇ. ವಸ್ತು ನಮ್ಮ ಕಣ್ಣೆದುರೇ ಇತ್ತು.

ಆರಿಸುವುದು, ಕೂರಿಸುವುದು

ಈ ಇತಿಹಾಸ ತಿಳಿದ ಮೇಲೆ ಅಂಗಡಿಯಲ್ಲಿ ನೋಡಬೇಕಾದದ್ದು ಸುಲಭ. ಮೊದಲು ಚೀಲವನ್ನು ಒಳಮಗ್ಗುಲಾಗಿ ತಿರುಗಿಸಿ. ಅಂಚುಗಳಲ್ಲಿ ದಾರ ಕಂಡರೆ ಅದು ಹೊಲಿದ ಚೀಲ. ಅದರ ಮೇಲೆ ಟೇಪು ಅಂಟಿಸಿದ್ದರೂ ನಮ್ಮ ಸೆಕೆಗೆ ಟೇಪು ಕೆಲವೇ ವರ್ಷಗಳಲ್ಲಿ ಏಳುತ್ತದೆ. ನೈಲಾನ್ ಬಟ್ಟೆಯ ಒಳಗಿನ ಪಾಲಿಯುರೆಥೇನ್ ಲೇಪವೂ ಇಲ್ಲಿನ ತೇವದಲ್ಲಿ ಅಂಟಂಟಾಗಿ ಸುಲಿಯುತ್ತದೆ. ಇಂಥ ಚೀಲ ಈಗಾಗಲೇ ನಿಮ್ಮಲ್ಲಿದ್ದರೆ ಎಸೆಯಬೇಡಿ. ಡಬ್ಬಾವಾಲಾನ ದಾರಿ ಹಿಡಿದು ಬಟ್ಟೆ, ಕಾಗದ, ಔಷಧಿ ಎಲ್ಲಕ್ಕೂ ಒಳಗೆ ಬೇರೆ ಬೇರೆ ಮುಚ್ಚಳ ಕೊಡಿ.

ಬೆಸೆದ ಚೀಲವೂ ಎಲ್ಲ ನೀರನ್ನೂ ತಡೆಯುವುದಿಲ್ಲ. ಬಾಯಿ ಮಡಿಸುವ ಒಳ್ಳೆಯ ಚೀಲಗಳಿಗೆ ಕೊಡುವ ದರ್ಜೆ ‘ಐಪಿ 64’. ಇದರಲ್ಲಿ 6 ಎಂದರೆ ದೂಳು ಹೋಗದು, 4 ಎಂದರೆ ಎಲ್ಲ ದಿಕ್ಕಿನಿಂದ ಎರಚಿದ ನೀರು ಹೋಗದು. ಮುಳುಗಿಸಿದರೆ ಹೋಗುತ್ತದೆ. ಮಳೆಗೆ ಇದು ಸಾಕು, ನೆರೆಗೆ ಸಾಲದು.

ಆಮೇಲೆ ಕೂರಿಸುವ ಕೆಲಸ. ವಿದೇಶಿ ಮಾದರಿಯ ಚೀಲಗಳ ಕೊಕ್ಕೆಗಳು ತೆಳ್ಳನೆಯ ದುಂಡು ಸರಳಿಗೆ ಮಾಡಿದವು. ಕೊಕ್ಕೆಯೊಳಗೆ ಹಾಕಲು ಸಣ್ಣ ತುಂಡುಗಳನ್ನು ಕೊಟ್ಟಿರುತ್ತಾರೆ. ಸರಳಿನ ದಪ್ಪಕ್ಕೆ ಸರಿಯಾದ ತುಂಡು ಹಾಕದಿದ್ದರೆ ಕಲ್ಯಾಣ–ಶಿಳ ರಸ್ತೆಯ ಒಂದೊಂದು ಗುಂಡಿಗೂ ಚೀಲ ಕುಣಿದು ಕೊಕ್ಕೆಯೋ ಸರಳೋ ಸವೆಯುತ್ತದೆ. ನಮ್ಮ ಹಳೆಯ ಗಟ್ಟಿ ಸೈಕಲ್ಲಿನ ಕ್ಯಾರಿಯರ್ ಬೇರೆ ಥರದ್ದು. ಅದಕ್ಕೆ ಈ ಕೊಕ್ಕೆಗಳು ಅನೇಕ ಸಲ ಹಿಡಿಯುವುದೇ ಇಲ್ಲ. ಅಲ್ಲಿ ಎರಡು ಚೀಲಗಳನ್ನು ಪಟ್ಟಿಯಿಂದ ಜೋಡಿಸಿ ಕ್ಯಾರಿಯರ್ ಮೇಲೆ ಹಾಕುವುದೇ ಮೇಲು, ಅಂದರೆ ಮತ್ತೆ ಹಸುಬೆ. ಆ ಸೈಕಲ್ಲಿಗೆ ಒಂದು ಅನುಕೂಲವೂ ಇದೆ. ಅದರ ಹಿಂದಿನ ಗಾಲಿ ಪೆಡಲಿನಿಂದ ದೂರದಲ್ಲಿರುವುದರಿಂದ ಹಿಮ್ಮಡಿ ಚೀಲಕ್ಕೆ ತಾಗುವುದು ಕಡಿಮೆ. ಹೊಸ ಸೈಕಲ್ಲುಗಳಲ್ಲಿ ಚೀಲವನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಪೆಡಲನ್ನು ಒಂದು ಸುತ್ತು ತಿರುಗಿಸಿ, ಹಿಮ್ಮಡಿ ತಾಗುವುದಿಲ್ಲವೆಂದು ನೋಡಿಯೇ ಬಿಗಿಯಬೇಕು.

ತೂಕದ ವಿಷಯದಲ್ಲಿ ಎತ್ತಿನ ಬೆನ್ನಿಗೆ ಹೇರುವವರ ಮಾತೇ ಮಾತು: ಎರಡು ಬದಿ ಸಮ, ಭಾರದ್ದು ಕೆಳಗೆ. ಕ್ಯಾರಿಯರ್‌ನ ಬೋಲ್ಟುಗಳನ್ನು ಪ್ರತಿದಿನ ಬೆಳಗ್ಗೆ ಮುಟ್ಟಿ ನೋಡಿ. ಇನ್ನೊಂದನ್ನು ಹೆಚ್ಚಿನವರು ಮರೆಯುತ್ತಾರೆ. ಚೀಲಕ್ಕೆ ಬಡಿಯುವ ನೀರಿನಲ್ಲಿ ಆಕಾಶದ್ದು ಒಂದು ಪಾಲು. ಗಾಲಿ ಎತ್ತಿ ಎರಚುವ ಕೆಸರುನೀರು ಇನ್ನೊಂದು ಪಾಲು. ಉದ್ದನೆಯ ಮಡ್‌ಗಾರ್ಡ್ ಇಲ್ಲದ ಸೈಕಲ್ಲಿಗೆ ಎಂಥ ಚೀಲವೂ ಕಡಿಮೆಯೇ.

ಒಳಗೆ ಒಣಗಿದ್ದು, ಹೊರಗೆ ಮುಳುಗಿದ್ದು

ಬಡವರ ಜಲನಿರೋಧಕ ಚೀಲ ಯಾವುದೆಂದು ಕೇಳಿದರೆ ಉತ್ತರ ಒಂದೇ: ಅಂಗಡಿಯ ತೆಳ್ಳನೆಯ ಪ್ಲಾಸ್ಟಿಕ್ ಚೀಲ. ದಿನಪತ್ರಿಕೆ ಹಾಕುವವನ ಕಟ್ಟು, ಪಾಳಿಗೆ ಹೋಗುವವನ ಬುತ್ತಿ, ಶಾಲೆಯ ಮಗುವಿನ ಪುಸ್ತಕ, ನನ್ನ ಡೈರಿ, ಎಲ್ಲವನ್ನೂ ವರ್ಷಗಟ್ಟಲೆ ಅದು ಕಾಪಾಡಿತು. ಪುಕ್ಕಟೆ ಸಿಗುತ್ತಿತ್ತು, ಹರಿದರೆ ಬಿಸಾಡುತ್ತಿದ್ದೆವು.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಮುಂಬೈಯಷ್ಟೇ ಅಲ್ಲ, ಉಲ್ಲಾಸ ನದಿ ಉಕ್ಕಿ ಕಲ್ಯಾಣ, ಬದಲಾಪುರ ಕಡೆಯೂ ಮುಳುಗಿತು. ಗಾಡಿಗಳು ನಿಂತವು, ಜನ ಹಳಿಯ ಮೇಲೆ, ಎದೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದರು, ಸೇರದೆ ಹೋದವರೂ ನೂರಾರು. ಮಳೆಯೇ ಮುಖ್ಯ ಕಾರಣ, ಜತೆಗೆ ಉಬ್ಬರ, ಒತ್ತುವರಿಯಾದ ನದಿಪಾತ್ರ. ಆದರೆ ಚರಂಡಿಗಳ ಬಾಯಿ ಕಟ್ಟಿದ್ದರಲ್ಲಿ ಪ್ಲಾಸ್ಟಿಕ್ ಚೀಲಗಳ ಪಾಲೂ ಇತ್ತು. ಆ ನೆರೆಯ ನಂತರ ಮಹಾರಾಷ್ಟ್ರ ಸರ್ಕಾರ ತೆಳು ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. 2018ರ ಜೂನ್ 23ರಿಂದ ಇನ್ನೂ ಕಟ್ಟುನಿಟ್ಟಾದ ನಿಷೇಧ ಜಾರಿಗೆ ಬಂತು.

ನಮ್ಮ ಸಾಮಾನನ್ನು ಒಣಗಿಸಿಟ್ಟದ್ದೇ ನಮ್ಮ ಊರನ್ನು ಮುಳುಗಿಸುವುದಕ್ಕೂ ನೆರವಾಯಿತು. ಹಾಗೆಂದು ಪಿವಿಸಿ ಪಾಪಮುಕ್ತ ವಸ್ತುವೇನಲ್ಲ. ಸುಟ್ಟರೆ ವಿಷ, ಮಣ್ಣಿನಲ್ಲಿ ಕರಗದು. ಅದರ ಪರವಾಗಿ ಹೇಳಬಹುದಾದದ್ದು ಬಾಳಿಕೆ ಮಾತ್ರ. ಹಾಗಾಗಿ ದುಬಾರಿ ಚೀಲ ಕೊಳ್ಳುವವರು ಕೇಳಬೇಕಾದ ಪ್ರಶ್ನೆ, ಇದರ ಕೊಕ್ಕೆ ಮುರಿದರೆ ಬೇರೆ ಸಿಗುತ್ತದೆಯೇ, ತೂತಾದರೆ ತೇಪೆ ಹಾಕಬಹುದೇ ಎಂಬುದು. ಕೊಳ್ಳಲಾಗದವರು ಹಳೆಯ ತಾಡಪತ್ರಿಯನ್ನೋ ಚುನಾವಣೆ ಮುಗಿದ ಮೇಲೆ ಬೀದಿಗೆ ಬೀಳುವ ಫ್ಲೆಕ್ಸ್ ಬ್ಯಾನರನ್ನೋ ಬುಟ್ಟಿಗೆ ಹೊದಿಸುತ್ತಾರೆ. ಬಿಸಾಡುವುದರಿಂದಲೇ ಮಾಡಿದ ಹೊದಿಕೆ ಎಂಬ ಲೆಕ್ಕದಲ್ಲಿ ಅವರದೇ ಒಳ್ಳೆಯ ಚೀಲ.

ಆ ಜುಲೈಯ ಮರುದಿನ ನಾನು ಮಾಳ್ಶೇಜ್ ಹತ್ತಲಿಲ್ಲ. ಢಾಬಾದ ಯಜಮಾನರು ಕೊಟ್ಟ ತಾಡಪತ್ರಿಯ ತುಂಡನ್ನು ಎರಡು ಚೀಲಗಳ ಮೇಲೂ ಇಳಿಬಿಟ್ಟು, ಅಂಚು ಹೊರಕ್ಕೆ ಕೆಳಕ್ಕೆ ಬರುವಂತೆ ಹಗ್ಗದಲ್ಲಿ ಬಿಗಿದು ಮನೆಗೆ ತಿರುಗಿದೆ. ದಾರಿಯುದ್ದಕ್ಕೂ ಮಳೆ. ಡೊಂಬಿವಲಿಯಲ್ಲಿ ಬಿಚ್ಚಿದಾಗ ಹಿಂದಿನ ದಿನದ ಒದ್ದೆಯ ಮೇಲೆ ಹೊಸ ನೀರು ಸೇರಿರಲಿಲ್ಲ. ಆ ತುಂಡು ಈಗಲೂ ನನ್ನ ಬಳಿ ಇದೆ, ಪ್ರತಿ ಜೂನಿನಲ್ಲಿ ಹೊರಗೆ ತೆಗೆಯುತ್ತೇನೆ.